ಹಕ್ಕಲು ಭಿಕ್ಷೆಯಲ್ಲ: ಹೀಬ್ರೂ ಧರ್ಮಗ್ರಂಥಗಳ ಅನಾಥರು, ವಿಧವೆಯರು ಮತ್ತು ಅವರ ದೇವರು

ದೀನಬಂಧು, ಅನಾಥರಕ್ಷಕ, ಆಪದ್ಬಾಂಧವ ಎಂದೆಲ್ಲ ದೇವರನ್ನು ಕರೆದು ರೂಢಿಯಾದವರಿಗೆ, ಹೀಬ್ರೂ ಧರ್ಮಗ್ರಂಥದ ದೇವರು ಅನಾಥರನ್ನೂ ವಿಧವೆಯರನ್ನೂ ಕಾಯುತ್ತಾನೆ ಎಂದರೆ ಹೊಸದೇನೂ ಅನ್ನಿಸುವುದಿಲ್ಲ. ದೇವರಾದವನು ಮಾಡಬೇಕಾದ್ದೇ ಅದಲ್ಲವೇ ಎಂದುಕೊಂಡು ಪುಟ ಮಗುಚುತ್ತೇವೆ. ತಪ್ಪು ತಿಳಿವಳಿಕೆಗಳು ಉಳಿದುಕೊಳ್ಳುವುದು ಹೀಗೆ ಮಗುಚಿದ ಪುಟಗಳಲ್ಲೇ. ಯೆಹೂದ್ಯರು ತನಖ್ ಎಂದೂ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದೂ ಓದುವ ಈ ಗ್ರಂಥಗಳಲ್ಲಿ ವಿಧವೆಯ ಮಾತು ಸ್ತೋತ್ರಗಳಲ್ಲಿ ಬರುತ್ತದೆ, ನಿಜ. ಆದರೆ ಅದಕ್ಕಿಂತ ಗಟ್ಟಿಯಾಗಿ ಬರುವುದು ಹೊಲದ ಅಂಚು, ಸಾಲದ ಒತ್ತೆ, ಗಡಿಕಲ್ಲು, ಊರಬಾಗಿಲ ಪಂಚಾಯಿತಿ, ಮೂರು ವರ್ಷಕ್ಕೊಮ್ಮೆ ಅಳೆಯುವ ಧಾನ್ಯ ಇಂಥವುಗಳ ನಡುವೆ. ಅಲ್ಲಿ ದೇವರು ಕಣ್ಣೀರು ಒರೆಸುವುದಕ್ಕಿಂತ ಹೆಚ್ಚಾಗಿ ವ್ಯಾಜ್ಯ ಹೂಡುತ್ತಾನೆ.

ತಪ್ಪು ಕಲ್ಪನೆ: ಇದೆಲ್ಲ ಉಳ್ಳವರು ಮನಕರಗಿ ಕೊಡುವ ದಾನದ ಉಪದೇಶ

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ರೈತನ ಕಣ್ಣಿನಿಂದ ಓದಬೇಕು. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಒಂದು ಸಿವುಡು ಮರೆತು ಬಂದದ್ದು ನೆನಪಾದರೆ ತರಲು ತಿರುಗಿ ಹೋಗಕೂಡದು. ಆಲಿವ್ ಮರವನ್ನು ಒಮ್ಮೆ ಬಡಿದ ಮೇಲೆ ಕೊಂಬೆಯಲ್ಲಿ ಉಳಿದ ಕಾಯಿಗಾಗಿ ಮತ್ತೆ ಕೋಲೆತ್ತಕೂಡದು. ದ್ರಾಕ್ಷಿತೋಟದಲ್ಲಿ ಎರಡನೆಯ ಸುತ್ತು ಆಯಕೂಡದು. ಉಳಿದದ್ದೆಲ್ಲ ಪರದೇಶಿಗೆ, ಅನಾಥನಿಗೆ, ವಿಧವೆಗೆ. ಯಾಜಕಕಾಂಡದ 19ನೆಯ ಅಧ್ಯಾಯ ಇನ್ನೂ ಮುಂಚಿತವಾಗಿಯೇ ಕೈಹಾಕುತ್ತದೆ: ಕೊಯ್ಯುವಾಗಲೇ ಹೊಲದ ಮೂಲೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಬಿದ್ದ ತೆನೆಯ ಹಕ್ಕಲನ್ನು ಯಜಮಾನ ಆಯಕೂಡದು.

ಈ ಏರ್ಪಾಡಿನಲ್ಲಿ ರೈತ ಯಾರ ಕೈಗೂ ಏನನ್ನೂ ಹಾಕುವುದಿಲ್ಲ. ಬಿಟ್ಟು ಬರುತ್ತಾನೆ, ಅಷ್ಟೆ. ಯಾರು ಬಂದು ಆಯ್ದರು, ಅವರು ಯೋಗ್ಯರೋ ಅಲ್ಲವೋ, ತನಗೆ ನಮಸ್ಕಾರ ಹೇಳಿದರೋ ಇಲ್ಲವೋ ಎಂದು ನೋಡುವ ಅಧಿಕಾರ ಅವನಿಗಿಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಷ್ನಾ ಎಂಬ ಯೆಹೂದಿ ಧರ್ಮಶಾಸ್ತ್ರವು ಈ ನಿಯಮವನ್ನು ಕೊನೆಯ ಎಳೆಯವರೆಗೂ ಎಳೆಯುತ್ತದೆ. ಹೊಲದಲ್ಲಿ ಬಿಡುವ ಪಾಲು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆ ಇರಬಾರದು. ಬಡವರಿಗೆ ಹಕ್ಕಲಾಯಲು ಬಿಡದವನು, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ತಡೆಯುವವನು, ಕೊನೆಗೆ ಒಬ್ಬರಿಗೆ ಮಾತ್ರ ನೆರವಾಗುವವನು ಕೂಡ ಬಡವರನ್ನು ದೋಚಿದವನೇ. ಆ ಅಳತೆಗೋಲು ಹಿಡಿದರೆ, ರೂತಳ ಗ್ರಂಥದಲ್ಲಿ ಹಕ್ಕಲಾಯಲು ಬಂದ ವಿಧವೆ ರೂತಳ ಮುಂದೆ ಬೇಕೆಂದೇ ತೆನೆ ಎಳೆದುಹಾಕಿಸಿದ ಹೊಲದೊಡೆಯ ಬೋವಜನೂ ಒಂದು ಪ್ರಶ್ನೆಗೆ ಉತ್ತರಿಸಬೇಕಾಗುತ್ತಿತ್ತೇನೋ. ಅವನು ಎಳೆಸಿದ್ದು ತನ್ನದೇ ಸಿವುಡುಗಳಿಂದ ಎಂದು ವಾದಿಸಿ ಬಚಾವಾಗಬಹುದಿತ್ತು.

ದಶಮಾಂಶದ ಕಥೆಯೂ ಹೀಗೆಯೇ. ಮೂರು ವರ್ಷಕ್ಕೊಮ್ಮೆ ಬೆಳೆಯ ಹತ್ತರಲ್ಲಿ ಒಂದು ಪಾಲನ್ನು ಊರಿನಲ್ಲೇ ಕೂಡಿಡಬೇಕು. ಭೂಮಿಯಿಲ್ಲದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಬಂದು ಹೊಟ್ಟೆತುಂಬ ಉಣ್ಣಬೇಕು. ಆಮೇಲೆ ರೈತ ದೇವರ ಮುಂದೆ ನಿಂತು ಒಂದು ಪ್ರಮಾಣ ಮಾಡಬೇಕು. ಅದರ ಸಾರ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿದೆ. ತಾನು ಇಂತಿಷ್ಟು ಉದಾರವಾಗಿ ಕೊಟ್ಟೆ ಎಂದು ಅವನು ಹೇಳಿಕೊಳ್ಳುವಂತಿಲ್ಲ. ಮೀಸಲಾದ ಪಾಲನ್ನು ಮನೆಯಿಂದ ಹೊರಹಾಕಿದ್ದೇನೆ ಎಂದು ಒಪ್ಪಿಸಬೇಕು. ಅಂದರೆ ಅದು ಅವನದಾಗಿ ಎಂದೂ ಇರಲಿಲ್ಲ. ವಿಧವೆಯ ಪಾಲು ಅವನ ಕಣಜದಲ್ಲಿ ಇನ್ನೂ ಉಳಿದಿದ್ದರೆ ಅದು ದೇವಸ್ವವನ್ನು ಬಚ್ಚಿಟ್ಟ ಹಾಗೆ.

ಸಾಲದ ಕಾನೂನಿನಲ್ಲೂ ವಿಧವೆಗೆ ಪ್ರತ್ಯೇಕ ಗೆರೆ ಎಳೆದಿದೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ಹಿಂದಿರುಗಿಸಬೇಕು, ಏಕೆಂದರೆ ರಾತ್ರಿಯ ಚಳಿಗೆ ಅವನಿಗೆ ಬೇರೆ ಬಟ್ಟೆಯಿಲ್ಲ. ವಿಧವೆಯ ಬಟ್ಟೆಯನ್ನಂತೂ ಒತ್ತೆಯಾಗಿ ಮುಟ್ಟುವಂತೆಯೇ ಇಲ್ಲ. ಇದಕ್ಕೆಲ್ಲ ಮತ್ತೆ ಮತ್ತೆ ಕೊಡುವ ಕಾರಣ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ. ಕರುಣೆ ಬತ್ತಬಹುದು, ಗುಲಾಮಗಿರಿಯ ನೆನಪನ್ನು ವರ್ಷವರ್ಷವೂ ಹಬ್ಬ ಮಾಡಿ ಕೆದಕಿಕೊಳ್ಳಬಹುದು. ಆ ಹಬ್ಬಗಳಿಗೂ, ವಾರಗಳ ಹಬ್ಬಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ, ಮನೆಯವರ ಜೊತೆ ಅನಾಥರೂ ವಿಧವೆಯರೂ ಇರಬೇಕು ಎಂದು ಪಟ್ಟಿಯಲ್ಲೇ ಬರೆದಿದೆ.

ತಪ್ಪು ಕಲ್ಪನೆ: ಅನಾಥ ಎಂದರೆ ತಂದೆತಾಯಿ ಇಬ್ಬರೂ ಇಲ್ಲದವನು, ವಿಧವೆ ಎಂದರೆ ಬಡವಿ

ಹೀಬ್ರೂ ಗ್ರಂಥದ ಅನಾಥನಿಗೆ ಎಷ್ಟೋ ಸಲ ತಾಯಿ ಇದ್ದಾಳೆ. ಯೋಬನ ಗ್ರಂಥದಲ್ಲಿ ದುಷ್ಟರು ಅನಾಥ ಮಗುವನ್ನು ಮೊಲೆಯಿಂದ ಕಿತ್ತುಕೊಂಡು ಒತ್ತೆ ಒಯ್ಯುತ್ತಾರೆ. ಮೊಲೆ ಇದ್ದ ಮೇಲೆ ತಾಯಿಯೂ ಇದ್ದಾಳೆ. ಅವನಿಗೆ ಇಲ್ಲದಿರುವುದು ತಂದೆ. ತಂದೆ ಇಲ್ಲದಿದ್ದರೆ ಏನು ಹೋಯಿತು ಎಂಬುದು ತಿಳಿಯಬೇಕಾದರೆ ಆ ಕಾಲದ ಊರಬಾಗಿಲನ್ನು ನೋಡಬೇಕು. ಕೋಟೆಯ ಬಾಗಿಲ ಬಳಿಯ ಕಟ್ಟೆಯ ಮೇಲೆ ಹಿರಿಯರು ಕೂತು ಜಮೀನು, ಸಾಲ, ಮದುವೆ, ಕೊಲೆ ಎಲ್ಲದರ ತೀರ್ಪು ಹೇಳುತ್ತಿದ್ದರು. ಅಲ್ಲಿ ದನಿ ಇದ್ದದ್ದು ಭೂಮಿಯುಳ್ಳ ಗಂಡಸರಿಗೆ. ಗಂಡ ಸತ್ತವಳ ಪರವಾಗಿ, ಅಪ್ಪ ಸತ್ತ ಹುಡುಗನ ಪರವಾಗಿ ಎದ್ದು ನಿಲ್ಲುವ ಗಂಡಸು ಇಲ್ಲ. ಪಕ್ಕದ ಹೊಲದವನು ಒಂದು ರಾತ್ರಿ ಗಡಿಕಲ್ಲನ್ನು ನಾಲ್ಕು ಮಾರು ಈಚೆ ನೆಟ್ಟರೆ ಕೇಳುವವರಿಲ್ಲ. ಜ್ಞಾನೋಕ್ತಿಗಳ ಗ್ರಂಥದಲ್ಲಿ ದೇವರು ವಿಧವೆಯ ಮೇರೆಯನ್ನು ಸ್ಥಿರಗೊಳಿಸುವವನಾಗಿ, ಅನಾಥರ ಹೊಲದ ಪರವಾಗಿ ವಾದಿಸುವ ಬಲಿಷ್ಠ ಬಂಧುವಾಗಿ ಬರುವುದು ಇದಕ್ಕಾಗಿಯೇ.

ಹೀಗಾಗಿ ವಿಧವೆ ಬಡವಿಯೇ ಆಗಿರಬೇಕೆಂದಿಲ್ಲ. ಸಮುವೇಲನ ಮೊದಲನೆಯ ಗ್ರಂಥದ ಅಬೀಗೈಲಳು ಸಾವಿರಾರು ಕುರಿಗಳ ಒಡೆಯನ ಹೆಂಡತಿ; ಗಂಡ ಸತ್ತ ಮೇಲೆ ಐದು ಜನ ದಾಸಿಯರೊಂದಿಗೆ ಕತ್ತೆಯೇರಿ ಹೋಗಿ ದಾವೀದನನ್ನು ಮದುವೆಯಾದವಳು. ಮಿಷ್ನಾ ಕೂಡ ಒತ್ತೆಯ ವಿಷಯದಲ್ಲಿ ವಿಧವೆ ಬಡವಿಯಾಗಲಿ ಸಿರಿವಂತೆಯಾಗಲಿ ನಿಯಮ ಒಂದೇ ಎಂದಿತು. 12ನೆಯ ಶತಮಾನದ ಮೈಮೊನಿಡೀಸ್ ಇನ್ನೂ ಮುಂದೆ ಹೋಗಿ, ರಾಜನ ವಿಧವೆಯಾದರೂ ರಾಜನ ಅನಾಥ ಮಕ್ಕಳಾದರೂ ಅವರೊಂದಿಗೆ ಮೆತ್ತಗೆ ಮಾತಾಡಬೇಕು, ಅವರ ಮನಸ್ಸು ಕುಗ್ಗಿರುತ್ತದೆ ಎಂದು ಬರೆದ.

ಯೋಬ ತನ್ನ ನಿರಪರಾಧವನ್ನು ಸಾರುವ 31ನೆಯ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ. ಅನಾಥನಿಗೆ ಉಣಿಸದೆ ತಾನೊಬ್ಬನೇ ತುತ್ತು ತಿಂದಿಲ್ಲ ಎಂದು ಹೇಳಿದ ಮೇಲೆ ಅವನು ಇನ್ನೊಂದನ್ನು ಸೇರಿಸುತ್ತಾನೆ: ಊರಬಾಗಿಲಲ್ಲಿ ತನ್ನ ಬೆಂಬಲಕ್ಕೆ ಜನ ಇದ್ದಾರೆಂಬ ಧೈರ್ಯದಿಂದ ಅನಾಥನ ಮೇಲೆ ಕೈಯೆತ್ತಿದ್ದರೆ ಆ ತೋಳು ಭುಜದಿಂದ ಕಳಚಿ ಬೀಳಲಿ. ಸಜ್ಜನ ಗೌಡನೊಬ್ಬನ ಆತ್ಮಪರೀಕ್ಷೆ ಎಂದರೆ ಇದು. ಊಟ ಹಾಕುವುದು ಸುಲಭ. ಪಂಚಾಯಿತಿ ನಮ್ಮ ಕಡೆಯೇ ಇರುವಾಗ ಅದನ್ನು ಬಳಸಿಕೊಳ್ಳದೆ ಇರುವುದು ಅಷ್ಟು ಸುಲಭವಲ್ಲ.

ತಪ್ಪು ಕಲ್ಪನೆ: ಹಳೆಯ ಒಡಂಬಡಿಕೆಯ ದೇವರು ಕೋಪಿಷ್ಠ; ಅನಾಥರ ಮೇಲಿನ ಮಮತೆ ಅಲ್ಲಿ ಅಪವಾದ

ಹಳೆಯ ಒಡಂಬಡಿಕೆಯ ಕೋಪದ ದೇವರು ಬೇರೆ, ಯೇಸುವಿನ ಪ್ರೀತಿಯ ದೇವರು ಬೇರೆ ಎಂಬ ಈ ವಾದ ಹಳೆಯದು. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಇದನ್ನೇ ಹೇಳಿ ರೋಮಿನ ಸಭೆಯಿಂದ ಹೊರಬಿದ್ದ. ಆದರೂ ಇವತ್ತಿಗೂ ಎಷ್ಟೋ ಪ್ರವಚನಗಳಲ್ಲಿ ಅದು ಸದ್ದಿಲ್ಲದೆ ನುಸುಳುತ್ತದೆ.

ವಿಮೋಚನಕಾಂಡದ 22ನೆಯ ಅಧ್ಯಾಯ ಇಲ್ಲಿ ಸಾಕ್ಷಿ. ಅದರ ಸುತ್ತಮುತ್ತ ಇರುವುದೆಲ್ಲ ನ್ಯಾಯಾಲಯದ ಲೆಕ್ಕ: ಎತ್ತು ಕದ್ದು ಮಾರಿದವನು ಒಂದಕ್ಕೆ ಐದು ಕೊಡಬೇಕು, ಕುರಿಗೆ ನಾಲ್ಕು. ವಿಧವೆಯನ್ನೂ ಅನಾಥನನ್ನೂ ಪೀಡಿಸುವವನಿಗೆ ಮಾತ್ರ ಅಲ್ಲಿ ಯಾವ ದಂಡವನ್ನೂ ನಿಗದಿ ಮಾಡಿಲ್ಲ. ಮರೆತಿರಬಹುದೇ? ದಂಡ ವಿಧಿಸಬೇಕಾದವರು ಯಾರು ಎಂದು ಯೋಚಿಸಿದರೆ ಕಾರಣ ಹೊಳೆಯುತ್ತದೆ. ಕಟ್ಟೆಯ ಮೇಲೆ ಕೂತವರೇ ಪೀಡಿಸುವವರಾದರೆ ಅವಳು ದೂರು ಒಯ್ಯುವುದು ಎಲ್ಲಿಗೆ? ಆದ್ದರಿಂದ ಆ ಮೊಕದ್ದಮೆಯನ್ನು ದೇವರು ನೇರವಾಗಿ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಅವರು ಕೂಗಿದರೆ ಕೇಳುತ್ತೇನೆ, ನನ್ನ ಕೋಪ ಉರಿಯುತ್ತದೆ, ನಿಮ್ಮ ಹೆಂಡಿರೇ ವಿಧವೆಯರಾಗುತ್ತಾರೆ, ನಿಮ್ಮ ಮಕ್ಕಳೇ ಅನಾಥರಾಗುತ್ತಾರೆ ಎಂಬ ಅರ್ಥದ ಎಚ್ಚರಿಕೆ ಅಲ್ಲಿದೆ. ಕೋಪ ಮತ್ತು ಮಮತೆ ಇಲ್ಲಿ ಒಂದೇ ವಾಕ್ಯದೊಳಗಿವೆ. ಆ ಕೋಪವನ್ನು ತೆಗೆದುಬಿಟ್ಟರೆ ವಿಧವೆಗೆ ಉಳಿಯುವುದು ಬರಿಯ ಸಾಂತ್ವನ.

ಅದರೆದುರಿಗೆ ಇನ್ನೊಂದು ವಚನವನ್ನೂ ಇಡಬೇಕು, ಇಲ್ಲದಿದ್ದರೆ ಇದೂ ಪ್ರವಚನವೇ ಆದೀತು. ಉತ್ತರದ ಇಸ್ರಾಯೇಲ್ ರಾಜ್ಯದ ಮೇಲಿನ ತೀರ್ಪಿನಲ್ಲಿ ಪ್ರವಾದಿ ಯೆಶಾಯ, ದೇವರು ಅವರ ಅನಾಥರನ್ನೂ ವಿಧವೆಯರನ್ನೂ ಕರುಣಿಸುವುದಿಲ್ಲ ಎನ್ನುತ್ತಾನೆ. ನಾಡಿಗೆ ನಾಡೇ ಕೆಟ್ಟು ಶತ್ರು ನುಗ್ಗಿದಾಗ ಯಾರ ಮನೆಯೂ ಪ್ರತ್ಯೇಕವಾಗಿ ಉಳಿಯಲಿಲ್ಲ. ಕ್ರಿ.ಪೂ. 6ನೆಯ ಶತಮಾನದಲ್ಲಿ ಬಾಬಿಲೋನಿಯರು ಯೆರೂಸಲೇಮನ್ನು ಸುಟ್ಟ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥದಲ್ಲಿ ನಗರವೇ ವಿಧವೆ, ಜನರೆಲ್ಲ ತಂದೆಯಿಲ್ಲದ ಮಕ್ಕಳು. ಈ ವಚನಗಳನ್ನು ಬದಿಗಿಟ್ಟು, ದೇವರನ್ನು ಅನಾಥರ ತಂದೆ ಎಂದು ಹೊಗಳುವ ಕೀರ್ತನೆ 68ನ್ನು ಮಾತ್ರ ಓದುವವರು ಅರ್ಧ ಗ್ರಂಥ ಓದಿದ ಹಾಗೆ.

ತಪ್ಪು ಕಲ್ಪನೆ: ಜಗತ್ತಿನಲ್ಲಿ ಇಂಥ ಕಾಳಜಿಯನ್ನು ಮೊದಲು ಕಂಡುಹಿಡಿದವರು ಹೀಬ್ರೂ ಜನ

ಇಲ್ಲ. ಸುಮೇರಿನ ಲಗಾಶ್ ನಗರದ ದೊರೆ ಉರುಕಗಿನ ಕ್ರಿ.ಪೂ. 24ನೆಯ ಶತಮಾನದಲ್ಲೇ ವಿಧವೆಯನ್ನೂ ಅನಾಥನನ್ನೂ ಬಲಿಷ್ಠರ ಕೈಗೆ ಒಪ್ಪಿಸುವುದಿಲ್ಲವೆಂದು ತನ್ನ ದೇವರು ನಿಂಗಿರ್ಸುವಿಗೆ ಮಾತು ಕೊಟ್ಟಿದ್ದ. ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿ ತನ್ನ ಕಾನೂನು ಕಲ್ಲಿನ ಕೊನೆಯಲ್ಲಿ ಇದೇ ಮಾತನ್ನು ಕೆತ್ತಿಸಿದ; 1901ರಿಂದ 1902ರ ಉತ್ಖನನದಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿದ ಆ ಕರಿಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಈಜಿಪ್ಟಿನ ಹಳೆಯ ಕಥೆಯೊಂದರಲ್ಲಿ ದೋಚಿಸಿಕೊಂಡ ರೈತನೊಬ್ಬ ಅಧಿಕಾರಿಯನ್ನು ಅನಾಥರ ತಂದೆ, ವಿಧವೆಯ ಗಂಡ ಎಂದು ಹೊಗಳಿ ನ್ಯಾಯ ಬೇಡುತ್ತಾನೆ. ಅಮೆನೆಮೋಪೆಯ ಉಪದೇಶ ಎಂಬ ಇನ್ನೊಂದು ಈಜಿಪ್ಟಿನ ಕೃತಿ ವಿಧವೆಯ ಹೊಲದ ಮೇರೆಯನ್ನು ಒತ್ತಬೇಡ ಎನ್ನುತ್ತದೆ. ಜ್ಞಾನೋಕ್ತಿಗಳ ಗ್ರಂಥದ ಒಂದು ಭಾಗಕ್ಕೂ ಇದಕ್ಕೂ ಇರುವ ಹತ್ತಿರದ ನಂಟನ್ನು ವಿದ್ವಾಂಸರು 1924ರಿಂದ ಚರ್ಚಿಸುತ್ತಲೇ ಇದ್ದಾರೆ. ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ದಾನೆಲ್ ಎಂಬ ಹಿರಿಯ ಬಾಗಿಲ ಬಳಿ ಕೂತು ವಿಧವೆಯ ವ್ಯಾಜ್ಯ ತೀರಿಸುತ್ತಾನೆ. ಅದೇ ಊರಿನ ಇನ್ನೊಂದು ಕಾವ್ಯದಲ್ಲಿ ರೋಗಿಷ್ಠ ದೊರೆ ಕಿರ್ತಾನಿಗೆ ಮಗನೇ ಬಂದು, ವಿಧವೆಯರ ನ್ಯಾಯ ನೋಡದ ನೀನು ಸಿಂಹಾಸನದಿಂದ ಇಳಿ ಎನ್ನುತ್ತಾನೆ.

ಅಂದರೆ ಇದು ಆ ಇಡೀ ಪ್ರದೇಶದ ಮಾತು. ದೊರೆ ಒಳ್ಳೆಯವನು ಎಂದು ತೋರಿಸಲು ಇದು ಬೇಕೇ ಬೇಕಾಗಿದ್ದ ಬಿರುದು. ಹೀಬ್ರೂ ಗ್ರಂಥಗಳು ಈ ಬಿರುದನ್ನು ತೆಗೆದುಕೊಂಡು ಮಾಡಿದ್ದೇನು ಎಂಬುದೇ ನೋಡಬೇಕಾದ ಸಂಗತಿ. ಒಂದು, ದೊರೆಯ ಪ್ರಶಸ್ತಿಯಿಂದ ಅದನ್ನು ಕಿತ್ತು ಪ್ರತಿಯೊಬ್ಬ ಹೊಲದೊಡೆಯನ ಹೆಗಲಿಗೆ ಹಾಕಿದವು. ಮತ್ತೆ, ವಿಧವೆ ಮತ್ತು ಅನಾಥ ಎಂಬ ಹಳೆಯ ಜೋಡಿಗೆ ಪರದೇಶಿಯನ್ನು ಸೇರಿಸಿದವು. ಹಮ್ಮುರಾಬಿಯ ಕಲ್ಲಿನ ಆ ಮಾತಿನಲ್ಲಿ ಅವನಿಲ್ಲ. ಇವೆರಡಕ್ಕಿಂತಲೂ ದಿಟ್ಟವಾದದ್ದು 82ನೆಯ ಕೀರ್ತನೆ. ಅಲ್ಲಿ ದೇವಸಭೆ ಸೇರಿದೆ. ದೇವರು ಎದ್ದು ನಿಂತು ಇತರ ದೇವತೆಗಳನ್ನೇ ಕಟಕಟೆಗೆ ಹತ್ತಿಸುತ್ತಾನೆ. ಆರೋಪ: ಬಡವರಿಗೂ ಅನಾಥರಿಗೂ ನೀವು ನ್ಯಾಯ ಕೊಡಲಿಲ್ಲ. ಶಿಕ್ಷೆ: ಮನುಷ್ಯರ ಹಾಗೆ ನೀವು ಸಾಯುವಿರಿ. ದೇವರಾಗಿರಲು ಬೇಕಾದ ಅರ್ಹತೆಯೇ ಅನಾಥರ ನ್ಯಾಯ ಎಂದು ಹೇಳಿದ ಇಷ್ಟು ನೇರವಾದ ಪುಟ ಆ ಪ್ರಾಚೀನ ಸಾಹಿತ್ಯದಲ್ಲಿ ನನಗೆ ಬೇರೆ ಕಂಡಿಲ್ಲ.

ತಪ್ಪು ಕಲ್ಪನೆ: ಈ ಕಾಳಜಿ ಇಸ್ರಾಯೇಲರ ವಿಧವೆಯರಿಗೆ ಮಾತ್ರ

ಬರಗಾಲದಲ್ಲಿ ಪ್ರವಾದಿ ಎಲೀಯನನ್ನು ದೇವರು ಕಳಿಸಿದ್ದು ಚೀದೋನಿನ ಚಾರೆಪ್ತಾ ಊರಿನ ವಿಧವೆಯ ಮನೆಗೆ. ಅದು ಫಿನಿಷಿಯರ ನಾಡು, ಬಾಳನ ಆರಾಧಕರ ಸೀಮೆ. ರೂತಳು ಮೊವಾಬಿನವಳು. ಯೆರೆಮೀಯನ 49ನೆಯ ಅಧ್ಯಾಯದಲ್ಲಿ ಬದ್ಧವೈರಿ ಎದೋಮಿನ ಮೇಲೆ ನಾಶದ ಮಾತುಗಳ ಸುರಿಮಳೆಯ ನಡುವೆ, ನಿನ್ನ ಅನಾಥರನ್ನು ಬಿಟ್ಟು ಹೋಗು, ನಾನು ಉಳಿಸುತ್ತೇನೆ, ನಿನ್ನ ವಿಧವೆಯರು ನನ್ನನ್ನು ನಂಬಲಿ ಎಂಬ ಅರ್ಥದ ಮಾತು ಬರುತ್ತದೆ. ಇದನ್ನು ವ್ಯಂಗ್ಯವೆಂದು ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ತಪ್ಪು ಕಲ್ಪನೆ: ಆ ಕಾಲದ ವಿಧವೆ ಮೂಲೆ ಹಿಡಿದು ದೇವರ ಕಡೆ ಕಣ್ಣು ನೆಟ್ಟು ಕೂತವಳು

ಈ ಚಿತ್ರ ಬಂದದ್ದು ಬಹುಶಃ ನಮ್ಮ ಕಡೆಯಿಂದ. ಮಡಿ, ಕೇಶಮುಂಡನ, ಶುಭಕಾರ್ಯದ ದಿನ ಒಳಮನೆಗೆ ಸರಿಯುವುದು ಇವನ್ನೆಲ್ಲ ಕಂಡು ಕೇಳಿ ಬೆಳೆದ ಓದುಗರು ಬೈಬಲಿನ ವಿಧವೆಯನ್ನೂ ಅದೇ ಮೂಲೆಯಲ್ಲಿ ಕೂರಿಸುತ್ತಾರೆ. ಅವಳಿಗೂ ವೈಧವ್ಯದ ಉಡುಪು ಇತ್ತು. ಮಹಾಯಾಜಕನು ವಿಧವೆಯನ್ನು ಮದುವೆಯಾಗುವಂತಿರಲಿಲ್ಲ. ಆದರೆ ಉಳಿದವರು ಆಗಬಹುದಿತ್ತು, ಆಗುತ್ತಿದ್ದರು. ಅರಣ್ಯಕಾಂಡದ 30ನೆಯ ಅಧ್ಯಾಯದ ಪ್ರಕಾರ ಮಗಳ ಹರಕೆಯನ್ನು ತಂದೆ, ಹೆಂಡತಿಯ ಹರಕೆಯನ್ನು ಗಂಡ ರದ್ದು ಮಾಡಬಹುದು. ವಿಧವೆಯ ಮಾತನ್ನು ರದ್ದು ಮಾಡುವ ಗಂಡಸೇ ಇಲ್ಲ; ಅವಳ ಮಾತಿಗೆ ಅವಳೇ ಒಡತಿ. ಯಾಜಕನ ಮಗಳು ಮಕ್ಕಳಿಲ್ಲದೆ ವಿಧವೆಯಾದರೆ ತವರಿಗೆ ಮರಳಿ ತಂದೆಯ ಪಾಲಿನ ಪವಿತ್ರ ಆಹಾರವನ್ನೇ ಉಣ್ಣಬಹುದು.

ಕಥೆಗಳಲ್ಲಂತೂ ಕೂತ ವಿಧವೆಯರೇ ಅಪರೂಪ. ಕಿರಿಯ ಮಗನಿಗೆ ತಂದುಕೊಳ್ಳುವೆನೆಂಬ ಮಾತನ್ನು ಮಾವ ಯೆಹೂದ ತಪ್ಪಿದಾಗ ತಾಮಾರಳು ವಿಧವೆಯ ಬಟ್ಟೆ ಕಳಚಿ, ಮುಸುಕು ಹಾಕಿ, ದಾರಿಯಲ್ಲಿ ಕೂತು, ಅವನ ಮುದ್ರೆಯುಂಗುರವನ್ನೂ ಕೋಲನ್ನೂ ಒತ್ತೆಯಾಗಿ ಪಡೆದು ಅವನನ್ನೇ ಸಿಕ್ಕಿಸಿದಳು. ಅವಳು ಬಸುರಿಯೆಂದು ಕೇಳಿ ಸುಡಿಸಲು ಹೊರಟವನು ಕೊನೆಗೆ ಅವಳೇ ತನಗಿಂತ ನೀತಿವಂತಳು ಎಂದು ಒಪ್ಪಿದ. ಮೈದುನಧರ್ಮದ ನಿಯಮವನ್ನು, ಅಂದರೆ ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಮೈದುನ ಮದುವೆಯಾಗಬೇಕೆಂಬುದನ್ನು, ಹೆಣ್ಣನ್ನು ಆಸ್ತಿಯಂತೆ ದಾಟಿಸುವುದು ಎಂದಷ್ಟೇ ಓದುವವರಿದ್ದಾರೆ. ಆ ಓದಿನಲ್ಲಿ ಸತ್ಯಾಂಶವಿದೆ. ಆದರೆ ಮೈದುನ ಒಲ್ಲೆನೆಂದರೆ ಊರಬಾಗಿಲಿಗೆ ಹೋಗಿ ಹಿರಿಯರ ಮುಂದೆ ದೂರು ಕೊಡುವವಳು ಅವಳೇ. ಅವನ ಕಾಲಿನ ಕೆರ ಕಿತ್ತು ಮುಖದ ಮೇಲೆ ಉಗಿಯುವವಳೂ ಅವಳೇ. ಗಂಡಸರ ಕಟ್ಟೆಯ ಮುಂದೆ ಹೆಂಗಸೊಬ್ಬಳಿಗೆ ಕಾನೂನೇ ಕೊಟ್ಟ ಆ ಉಗುಳಿನ ಬಗ್ಗೆ ಪ್ರವಚನ ಕೇಳಿದ ನೆನಪು ನನಗಿಲ್ಲ.

ಪ್ರವಾದಿ ಎಲೀಷನ ಬಳಿ ಬಂದ ವಿಧವೆಯ ಕಥೆಯನ್ನೂ ಎಣ್ಣೆಯ ಪವಾಡವಾಗಿ ಮಾತ್ರ ಹೇಳುವುದು ರೂಢಿ. ಅವಳ ಕಷ್ಟ ಹಸಿವಲ್ಲ, ಸಾಲ. ಸಾಲಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ. ಅವಳು ಪ್ರವಾದಿಯ ಮುಂದೆ ಕೂಗಿ ಹೇಳುತ್ತಾಳೆ, ನೆರೆಹೊರೆಯಿಂದ ಪಾತ್ರೆ ಎರವಲು ತರುತ್ತಾಳೆ, ಬಾಗಿಲು ಹಾಕಿ ಸುರಿಯುತ್ತಾಳೆ, ಮಾರಿ ಸಾಲ ತೀರಿಸುತ್ತಾಳೆ, ಉಳಿದದ್ದರಲ್ಲಿ ಬದುಕುತ್ತಾಳೆ. ರೂತಳ ಗ್ರಂಥವೂ ಅಷ್ಟೆ. ಜವೆಗೋದಿಯ ಕೊಯ್ಲಿನಿಂದ ಗೋದಿಯ ಕೊಯ್ಲು ಮುಗಿಯುವವರೆಗೆ ಬಿಸಿಲಲ್ಲಿ ಹಕ್ಕಲಾಯ್ದವಳು ಅವಳು; ಮೊದಲ ದಿನ ಬಡಿದು ತೆಗೆದದ್ದು ಒಂದು ಏಫಾ, ಸುಮಾರು 22 ಲೀಟರ್ ಅಳತೆ. ರಾತ್ರಿ ಕಣಕ್ಕೆ ಹೋಗುವ ಉಪಾಯ ಅತ್ತೆ ನೊವೊಮಿಯದು. ಬೋವಜ ಬೆಳಿಗ್ಗೆ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ ಮಾತು ಶುರು ಮಾಡುವುದು ನೊವೊಮಿಯ ಸತ್ತ ಗಂಡ ಎಲೀಮೆಲೆಕನ ಜಮೀನಿನಿಂದ. ಮದುವೆ ಆಮೇಲೆ ಬರುತ್ತದೆ. ಪ್ರೇಮಕಥೆ ಎನ್ನುವವರು ಎನ್ನಲಿ, ಅದರ ಬೆನ್ನೆಲುಬು ಭೂವ್ಯವಹಾರ.

ಈ ಗ್ರಂಥಗಳನ್ನು ವಿಧವೆಯ ಕಣ್ಣಿನಿಂದಲೇ ಓದಿದ ಒಬ್ಬರು ನಮ್ಮ ಪಶ್ಚಿಮಘಟ್ಟದಲ್ಲಿ ಹುಟ್ಟಿದವರು. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಜನಿಸಿದ ಪಂಡಿತಾ ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1882ರಲ್ಲಿ ತಾವೇ ವಿಧವೆಯಾದ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಬರಗಾಲದ ಅನಾಥರನ್ನೂ ವಿಧವೆಯರನ್ನೂ ಸೇರಿಸಿಕೊಂಡರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮೂಲದಿಂದ ಮರಾಠಿಗೆ ತಂದರು.

ತಪ್ಪು ಕಲ್ಪನೆ: ಇದು ಪೂಜೆ, ಉಪವಾಸ, ಬಲಿಗಳ ಪಕ್ಕದಲ್ಲಿ ಮಾಡುವ ಹೆಚ್ಚುವರಿ ಪುಣ್ಯಕಾರ್ಯ

ಕ್ರಿ.ಪೂ. 518ರಲ್ಲಿ ಪ್ರವಾದಿ ಜೆಕರ್ಯನ ಬಳಿ ಕೆಲವರು ಒಂದು ಪ್ರಶ್ನೆ ತಂದರು: ದೇವಾಲಯ ಸುಟ್ಟ ನೆನಪಿನ ಐದನೆಯ ತಿಂಗಳ ಉಪವಾಸವನ್ನು ಇನ್ನೂ ಮಾಡಬೇಕೋ ಬಿಡಬೇಕೋ? ಉತ್ತರದಲ್ಲಿ ದೇವರು ತಿರುಗಿ ಕೇಳಿದ್ದು, ಆ ಉಪವಾಸ ನಿಜವಾಗಿ ನನಗಾಗಿ ಇತ್ತೇ ಎಂದು. ಆಮೇಲೆ ಬಂದದ್ದು ವಿಧವೆ, ಅನಾಥ, ಪರದೇಶಿ, ಬಡವರನ್ನು ಹಿಂಸಿಸಬೇಡಿ ಎಂಬ ಮಾತು. ಹಿಂದಿನವರು ಅದನ್ನು ಕೇಳದೆ ಹೋದದ್ದರಿಂದಲೇ ನಾಡು ಹಾಳಾಯಿತು ಎಂಬ ವಿವರಣೆ. ಯೆಶಾಯನ ಮೊದಲ ಅಧ್ಯಾಯವೂ ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು ಮಾಡಿದ ಭಾಷಣವೂ ಇದೇ ದಾರಿಯವು.

ತಪ್ಪು ಕಲ್ಪನೆ: ಈ ಕಾನೂನುಗಳಲ್ಲಿ ವಿಧವೆಗೆ ಯಾವ ಕೊರತೆಯೂ ಇರಲಿಲ್ಲ

ಇತ್ತು, ದೊಡ್ಡ ಕೊರತೆಯೇ ಇತ್ತು. ಚಲ್ಪಹಾದನ ಐದು ಹೆಣ್ಣುಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ತಂದೆ ಸತ್ತ ಮೇಲೆ ಮೋಶೆಯ ಮುಂದೆ ನಿಂತು ಪಾಲು ಕೇಳಿದಾಗ ದೇವರು ಅವರ ಮಾತು ಸರಿ ಎಂದ. ಆಗ ಬರೆದ ಉತ್ತರಾಧಿಕಾರದ ಪಟ್ಟಿ ಹೀಗಿದೆ: ಮಗ, ಮಗಳು, ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು, ಹತ್ತಿರದ ನಂಟ. ಹೆಂಡತಿ ಅದರಲ್ಲಿ ಎಲ್ಲೂ ಇಲ್ಲ. ಗಂಡನ ಹೊಲ ಅವಳ ಕಣ್ಣೆದುರೇ ಮೈದುನನ ಪಾಲಾಗಬಹುದು. ಈ ಒಂದು ವಿಷಯದಲ್ಲಿ ಹಮ್ಮುರಾಬಿಯ ಕಾನೂನು ಮುಂದಿತ್ತು: ಗಂಡನಿಂದ ಪ್ರತ್ಯೇಕ ಕೊಡುಗೆ ಸಿಗದ ವಿಧವೆಗೆ ಒಬ್ಬ ವಾರಸುದಾರನಷ್ಟು ಪಾಲು, ಗಂಡನ ಮನೆಯಲ್ಲೇ ಇರುವ ಹಕ್ಕು. ಹಕ್ಕಲು, ದಶಮಾಂಶ, ಒತ್ತೆಯ ತಡೆ ಇವೆಲ್ಲ ಬೇಕಾಗಿ ಬಂದದ್ದರಲ್ಲಿ ಈ ಕೊರತೆಯ ಪಾಲು ಎಷ್ಟು ಎಂದು ಕೇಳದೆ ಈ ನಿಯಮಗಳನ್ನು ಕೊಂಡಾಡುವುದು ನ್ಯಾಯವಲ್ಲ.

ಯೆಹೂದ್ಯರ ಮುಂದಿನ ತಲೆಮಾರುಗಳು ಇದನ್ನು ಕಂಡುಕೊಂಡವು. ಮದುವೆಯ ಕರಾರಿನಲ್ಲೇ ವಿಧವೆಗೆ ಸಲ್ಲಬೇಕಾದ ಹಣವನ್ನು ಬರೆಯುವ ಪದ್ಧತಿ ಬಂತು. ಮಿಷ್ನಾದಲ್ಲಿ ಅದು ಕನಿಷ್ಠ 200 ಜೂಜ್ ಎಂಬ ನಾಣ್ಯ, ಮರುಮದುವೆಯಾಗುವ ವಿಧವೆಗೆ 100. ಯೆರೂಸಲೇಮಿನವರೂ ಗಲಿಲಾಯದವರೂ ಅವಳು ವಿಧವೆಯಾಗಿರುವಷ್ಟು ಕಾಲ ಗಂಡನ ಮನೆಯಲ್ಲಿದ್ದು ಜೀವನಾಂಶ ಪಡೆಯಬಹುದು ಎಂದು ಬರೆಯುತ್ತಿದ್ದರು. ಯೂದಾಯದವರು ಜಾಣರು: ವಾರಸುದಾರರು ಆ ಹಣ ಕೊಟ್ಟು ಕಳಿಸಲು ಮನಸ್ಸು ಮಾಡುವವರೆಗೆ ಎಂದು ಸೇರಿಸಿದರು.

ತಪ್ಪು ಕಲ್ಪನೆ: ಇದೆಲ್ಲ ಕಾಗದದ ಮೇಲಿನ ಧರ್ಮ, ಬದುಕಿನಲ್ಲಿ ಇದರ ಗುರುತೇ ಇಲ್ಲ

ಪ್ರವಾದಿಗಳು ಗಂಟಲು ಹರಿದುಕೊಂಡು ಕೂಗಿದ್ದರಿಂದಲೇ ಈ ನಿಯಮಗಳು ಮುರಿಯುತ್ತಿದ್ದವು ಎಂದು ಗೊತ್ತಾಗುತ್ತದೆ. ಆದರೆ ಮುರಿದಾಗ ಜನ ಕೇಳುತ್ತಿದ್ದರು ಎಂಬುದಕ್ಕೂ ಸಾಕ್ಷಿಗಳಿವೆ. 1960ರಲ್ಲಿ ಇಸ್ರೇಲಿನ ಕರಾವಳಿಯ ಯಾವ್ನೆ ಯಾಮ್ ಬಳಿಯ ಹಳೆಯ ಕೋಟೆಯೊಂದರಲ್ಲಿ ಮಡಕೆಯ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಅರ್ಜಿ ಸಿಕ್ಕಿತು. ಕ್ರಿ.ಪೂ. 7ನೆಯ ಶತಮಾನದ್ದು. ಕೊಯ್ಲಿನ ಕೂಲಿಯೊಬ್ಬ ಅಧಿಕಾರಿಗೆ ದೂರು ಹೇಳುತ್ತಿದ್ದಾನೆ: ನನ್ನ ಪಾಲಿನ ಕೊಯ್ಲು ಮುಗಿಸಿದ್ದೇನೆ, ಆದರೂ ಶೋಬೈಯ ಮಗ ಹೋಶಯಾಹು ನನ್ನ ಬಟ್ಟೆ ಕಿತ್ತುಕೊಂಡಿದ್ದಾನೆ, ಜೊತೆಯವರು ಸಾಕ್ಷಿ ಹೇಳುತ್ತಾರೆ, ಬಟ್ಟೆ ಕೊಡಿಸಿ. ಅವನು ಧರ್ಮಗ್ರಂಥವನ್ನು ಉಲ್ಲೇಖಿಸುವುದಿಲ್ಲ. ಬಡವನ ಬಟ್ಟೆ ಹಿಡಿದಿಡುವುದು ತಪ್ಪು ಎಂಬುದು ಅಧಿಕಾರಿಗೂ ಗೊತ್ತು ಎಂಬ ಭರವಸೆಯಲ್ಲಿ ಬರೆಸಿದ್ದಾನೆ.

ವಿಧವೆಯೇ ಬರೆಸಿದ ಕಾಗದಗಳೂ ಸಿಕ್ಕಿವೆ, ತನಖ್ ಕಾಲಕ್ಕಿಂತ ಈಚಿನವು. 1961ರಲ್ಲಿ ಮೃತಸಮುದ್ರದ ಪಶ್ಚಿಮದ ನಹಲ್ ಹೆವೆರ್ ಕಣಿವೆಯ ಗುಹೆಯೊಂದರಲ್ಲಿ ಪುರಾತತ್ತ್ವಜ್ಞ ಯಿಗಾಯೆಲ್ ಯಾದಿನ್ ತಂಡಕ್ಕೆ ಬಾಬತಾ ಎಂಬ ಯೆಹೂದಿ ಹೆಂಗಸಿನ ಚರ್ಮದ ಚೀಲ ಸಿಕ್ಕಿತು. ಒಳಗೆ ಕ್ರಿ.ಶ. 94ರಿಂದ 132ರವರೆಗಿನ ಪತ್ರಗಳು. ಖರ್ಜೂರದ ತೋಟಗಳಿದ್ದ ಅನುಕೂಲಸ್ಥೆ ಆಕೆ. ಮೊದಲ ಗಂಡ ಸತ್ತ ಮೇಲೆ ಅವಳ ಮಗ ಯೇಶುವನಿಗೆ ಪೆತ್ರಾ ನಗರದ ಸಭೆ ಇಬ್ಬರು ಪಾಲಕರನ್ನು ನೇಮಿಸಿತ್ತು, ಒಬ್ಬ ಯೆಹೂದಿ, ಒಬ್ಬ ನಬಾತಿ. ಅವರು ಹುಡುಗನ ಹಣದಿಂದ ತಿಂಗಳಿಗೆ ಎರಡು ದಿನಾರಿ ಕೊಡುತ್ತಿದ್ದರು. ಇದು ಸಾಲದು ಎಂದು ಬಾಬತಾ ರೋಮನ್ ರಾಜ್ಯಪಾಲನವರೆಗೂ ಹೋದಳು. ಹುಡುಗನ ಹಣವನ್ನು ನನಗೆ ಕೊಡಿ, ನನ್ನ ಆಸ್ತಿ ಒತ್ತೆ ಇಟ್ಟು ಹೆಚ್ಚಿನ ಬಡ್ಡಿ ಕಟ್ಟಿ ಅದರಲ್ಲಿ ಅವನನ್ನು ಚೆನ್ನಾಗಿ ಸಾಕುತ್ತೇನೆ ಎಂದು 125ರಲ್ಲಿ ಬರೆಸಿದಳು. ಅದೇ ಚೀಲದಲ್ಲಿ 132ರ ಒಂದು ರಸೀದಿ ಇದೆ. ಮಗನ ಮೂರು ತಿಂಗಳ ಖರ್ಚಿಗೆ ಪಾಲಕನಿಂದ ಆಕೆ ಪಡೆದದ್ದು ಆರು ದಿನಾರಿ.